ಹದ್ದಿನ ಗೂಡು ತಪಾಸಣೆ

ತನ್ನ ಹಾಡನ್ನು ಮೈನಾ ಕದ್ದು ಹಾಡುತ್ತಿದೆ ಎಂದು ಕೋಗಿಲೆ ಹದ್ದಿಗೆ ದೂರು ಕೊಟ್ಟಿತು. ಹದ್ದು ಆ ಕಾಡಿನ ಅಧಿಕಾರಿ. "ಇನ್ನು ಎಲ್ಲರ ಗೂಡನ್ನೂ ಶೋಧಿಸುತ್ತೇನೆ," ಎಂದಿತು.

ಕಾಗೆಗೆ ರೇಗಿತು. "ಹಾಡು ಇರುವುದು ಗಂಟಲಿನಲ್ಲಿ ಸ್ವಾಮಿ! ಗೂಡಿನಲ್ಲಿರುವುದು ಬರೀ ಮೊಟ್ಟೆ. ಅಲ್ಲೇನು ಹುಡುಕುತ್ತೀರಿ?"

"ಕದಿಯದವರಿಗೆ ಭಯವೇಕೆ, ಕಾಗಕ್ಕ?" ಎಂದು ಕೋಗಿಲೆ ಛೇಡಿಸಿತು.

ಹದ್ದು ಮೊದಲು ಕಾಗೆಯ ಗೂಡಿಗೇ ಹೊರಟಿತು. ಕೋಗಿಲೆ ಬೆಚ್ಚಿತು. ಏಕೆಂದರೆ ಕೋಗಿಲೆ ಗೂಡು ಕಟ್ಟುವುದಿಲ್ಲ. ಅದರ ಮೊಟ್ಟೆಯೂ ಕಾಗೆಯ ಗೂಡಿನಲ್ಲೇ ಇತ್ತು.

"ಆ ಗೂಡೊಂದು ಬೇಡ ಸ್ವಾಮಿ!"

"ಯಾಕೆ?"

ನಿಜ ಹೇಳಿದರೆ ತಾನೇ ಕಳ್ಳಿಯಾಗಬೇಕಲ್ಲ ಎಂದು ಹೆದರಿ ಕೋಗಿಲೆ ಸುಮ್ಮನಾಯಿತು.

ಸ್ವಲ್ಪ ಹೊತ್ತಿಗೆ ಹದ್ದು ಕೊಕ್ಕು ಒರೆಸಿಕೊಳ್ಳುತ್ತ ಬಂದು, "ಅಲ್ಲಿ ಹಾಡೇನೂ ಸಿಗಲಿಲ್ಲ. ಮುಂದಿನ ಗೂಡು ಯಾರದು?" ಎಂದು ಕೇಳಿತು.