ಗುರುಪಾದಯ್ಯನವರ ಚಸ್ಮಾ

ಮಲಪ್ರಭೆಯ ದಂಡೆಯ ಒಂದು ಮಠದಲ್ಲಿ ಗುರುಪಾದಯ್ಯನವರಿದ್ದರು. ಯಾರ ಮನೆಗೆ ಹೋದರೂ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು, ಎದ್ದು ಬರುತ್ತಿದ್ದರು.

ಶಿಷ್ಯ ಚನ್ನವೀರ ಅವರಂತೆಯೇ ಕೂರುತ್ತಿದ್ದ, ಅವರಂತೆಯೇ ಕೆಮ್ಮುತ್ತಿದ್ದ. ಪುಣ್ಯಾತ್ಮನಿಗೆ ನೆಗಡಿಯೂ ಇರಲಿಲ್ಲ.

ಮಠದಲ್ಲಿ ಭಕ್ತರೊಬ್ಬರು ಕೊಟ್ಟ ಹಳೆಯ ರೀಲಿನ ಕ್ಯಾಮೆರಾ ಇತ್ತು. ಅದಕ್ಕೆ ಮನುಷ್ಯರ ಹಾಗೆ ಎರಡು ಕಣ್ಣು. ಒಮ್ಮೆ ಒತ್ತಿದರೆ ಎರಡು ಚಿತ್ರ. ಎರಡನ್ನೂ ನೋಡುವ ಪೆಟ್ಟಿಗೆಯಲ್ಲಿಟ್ಟರೆ ಒಂದಾಗಿ, ಗುಡ್ಡ ಎದುರಿಗೇ ಎದ್ದು ನಿಂತಂತೆ ಕಾಣುತ್ತಿತ್ತು. ಆದರೆ ನಾಲ್ಕು ಮೊಳಕ್ಕಿಂತ ಹತ್ತಿರದ್ದೆಲ್ಲ ಅದಕ್ಕೆ ಮಂಜು.

ಚನ್ನವೀರನ ತಾಯಿ ನೀಲವ್ವ ಹೊಳೆಯಾಚೆಯ ಊರಲ್ಲಿ ಹಾಸಿಗೆ ಹಿಡಿದಿದ್ದಳು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಅಜ್ಜಾರ, ನಿಮ್ಮ ಚಸ್ಮಾ ಕೊಡ್ರಿ," ಎಂದ ಚನ್ನವೀರ. "ಅದರ ಗಾಜು ಕ್ಯಾಮೆರಾದ ಎರಡೂ ಕಣ್ಣಿಗೆ ಹಚ್ಚತೀನಿ. ಅವ್ವನ ಮಾರಿ ಹತ್ತಿರದಿಂದ ತಗೀಬೇಕು."

"ನನ್ನ ಚಸ್ಮಾನ ಯಾಕ?"

"ನಿಮಗ ಅದರಾಗ ಎಲ್ಲಾ ಚಲೋ ಕಾಣತೈತಲ್ರಿ."

ಗುರುಗಳು ತೆಗೆದು ಕೊಟ್ಟರು.

ಮೂರನೆಯ ದಿನ ಚನ್ನವೀರ ಪೇಟೆಯ ಸ್ಟುಡಿಯೋದಲ್ಲಿ ತೊಳೆಸಿದ ಚಿತ್ರಗಳೊಂದಿಗೆ ಬಂದ. ಮುಖ ಬಾಡಿತ್ತು.

"ಎಡಕ್ಕ ಅವ್ವ ಅದಾಳ್ರಿ. ಬಲಕ್ಕ ಬರೇ ಮಂಜು. ಎರಡೂ ಕೂಡವಲ್ಲವು."

"ನನ್ನ ಬಲಗಣ್ಣು ಮೊದಲಿಂದ ಸೊರಗೇತಿ. ಆ ಕಡೆ ಗಾಜಿನ ನಂಬರ್ ಬ್ಯಾರೆ," ಎಂದರು ಗುರುಗಳು. "ಅದು ನನ್ನ ಊನಕ್ಕ ಕೊಟ್ಟ ಗಾಜು, ತಮ್ಮಾ. ಕ್ಯಾಮೆರಾದ ಎರಡೂ ಕಣ್ಣು ಚಲೋ ಅದಾವಲ್ಲ."

ಚನ್ನವೀರ ತಲೆ ತಗ್ಗಿಸಿದ.

"ತಪ್ಪಾತ್ರಿ. ಒಂದ ನಂಬರಿನ ಎರಡು ಗಾಜು ತರತೀನಿ. ನಾಳೆ ಮತ್ತ ಕಟ್ಟಿ ಮ್ಯಾಲ ತಗೀತೀನಿ."

"ಕಟ್ಟಿ ಮ್ಯಾಲ ಯಾಕ?"

"ಅವ್ವನ್ನ ಅಲ್ಲಿಗೇ ಎತಗೊಂಡು ಬಂದು ಕುಂದರ್ಸಿದ್ರು. 'ಒಳಗ ಬಾರೋ ಮಗನ' ಅಂತ ಕೈ ಹಿಡದ್ಲು. ನಮ್ಮ ಅಜ್ಜಾರು ಹೊಸ್ತಿಲಾ ದಾಟೂದಿಲ್ಲ, ನಾನೂ ದಾಟೂದಿಲ್ಲ ಅಂದೆ."

ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು.

"ನಮ್ಮವ್ವ ಹೇಳಿ ಕಳಿಸಿದಾಗ ನಾ ಹೋಗಲಿಲ್ಲ," ಎಂದರು. "ಆಮ್ಯಾಲೆ ಹೋದೆ. ಒಳಗ ಬಾ ಅನ್ನಾಕ ಆಕಿ ಇದ್ದಿದ್ದಿಲ್ಲ. ಅವತ್ತಿಂದ ಯಾರ ಹೊಸ್ತಿಲಾ ದಾಟಾಕೂ ನನಗ ಕಾಲು ಬಂದಿಲ್ಲ."

ಚನ್ನವೀರ ಅವರ ಮುಖ ನೋಡಿದ.

"ನಾ ಅದನ್ನ ವ್ರತಾ ಅನ್ಕೊಂಡಿದ್ದೆ, ಅಜ್ಜಾರ."

"ಅದೂ ನನ್ನ ಊನಾನ, ತಮ್ಮಾ."

ಗುರುಗಳು ಅವನ ಹೆಗಲಿನಿಂದ ಕ್ಯಾಮೆರಾ ಇಳಿಸಿ ತಮ್ಮ ಪಕ್ಕದಲ್ಲಿಟ್ಟುಕೊಂಡರು. ಹೊಳೆ ದಾಟುವ ದೋಣಿ ಇನ್ನೂ ಈಚೆ ದಡದಲ್ಲೇ ಇತ್ತು.

"ನಿಮ್ಮವ್ವ ಇನ್ನೂ ಕರ್ಯಾಕತ್ತಾಳ," ಎಂದರು. "ಒಳಗ ಹೋಗು."