ಹೊಂಗೆ ನೆರಳಿನ ತೀರ್ಪು

ದಾವಣಗೆರೆಯ ಆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಇದ್ದದ್ದು ಒಂದೇ ಹೊಂಗೆ ಮರ. ಅದರಡಿ ಒಂದೇ ಕಾರಿಗೆ ಜಾಗ. ಕಂಟ್ರ್ಯಾಕ್ಟರ್ ಬಸವಂತಪ್ಪ ಜರ್ಮನಿಯ ಕಾರು ತಂದ ತಿಂಗಳಲ್ಲೇ ಹಲ್ಲಿನ ಡಾಕ್ಟರ್ ವಾದಿರಾಜರು ಜಪಾನಿನ ಕಾರು ತಂದರು. ಅಂದಿನಿಂದ ದಿನಾ ಒಂದು ಕಾರು ನೆರಳಿಗೆ, ಇನ್ನೊಂದರ ಯಜಮಾನರು ಜಗಳಕ್ಕೆ, ವಾಚ್‌ಮನ್ನಿನ ಕುರ್ಚಿ ಬಿಸಿಲಿಗೆ.

ಒಂದು ಭಾನುವಾರ ಇಬ್ಬರೂ ಅವನೆದುರು ಬಂದು ನಿಂತರು.

"ಯಾರ ಕಾರು ಮೇಲು ಅಂತ ನೀನೇ ಹೇಳು. ನೆರಳು ಅದಕ್ಕೇ," ಎಂದರು ಬಸವಂತಪ್ಪ. "ನನ್ನದರ ಬಣ್ಣ ನೋಡು, ಎಂಥ ಬಿಸಿಲಿಗೂ ಮಾಸಲ್ಲ!"

"ನನ್ನದರಲ್ಲಿ ಸೀಟಿನಿಂದಲೇ ತಂಗಾಳಿ ಬರುತ್ತೆ ಕಣಯ್ಯ," ಎಂದರು ಡಾಕ್ಟರು. "ಯೋಚನೆ ಮಾಡಿ ಹೇಳು. ನಿನ್ನ ಕೆಲಸದ ಪ್ರಶ್ನೆ."

ವಾಚ್‌ಮನ್ ಕುರ್ಚಿಯಿಂದ ಎದ್ದ. ಯಾರ ಹೆಸರು ಹೇಳಿದರೂ ಇನ್ನೊಬ್ಬರು ಅವನನ್ನು ಮನೆಗೆ ಕಳಿಸುತ್ತಾರೆ. ಎರಡೂ ಕಾರಿಗೆ ಒಂದೊಂದು ಸುತ್ತು ಹಾಕಿದ. ತಲೆದೂಗಿದ. ಕೈಮುಗಿದ.

"ಎಂಥಾ ಗಾಡಿಗಳು ಸಾರ್! ಇವಕ್ಕೆ ನೆರಳು ಯಾಕೆ? ನೆರಳು ಬೇಕಾಗೋದು ಬಿಸಿಲು ತಡೆಯದ ಗಾಡಿಗೆ. ನಿಮ್ಮಿಬ್ಬರಲ್ಲಿ ಯಾರದು ತಡೆಯಲ್ಲ ಹೇಳಿ, ಈಗಲೇ ಮರದಡಿ ನಿಲ್ಲಿಸೋಣ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮರದಡಿ ನಿಂತಿದ್ದ ತಮ್ಮ ಕಾರನ್ನು ಡಾಕ್ಟರು ತಾವೇ ಬಿಸಿಲಿಗೆ ತಂದು, ಬಸವಂತಪ್ಪನವರ ಕಾರಿನ ಪಕ್ಕದಲ್ಲೇ ನಿಲ್ಲಿಸಿದರು. ವಾಚ್‌ಮನ್ನಿಗೆ ಹೋದ ಜೀವ ಬಂತು.

ಮಧ್ಯಾಹ್ನ ಇಬ್ಬರೂ ಹೊರಗೆ ಹೋಗಲು ಕಾರು ಹತ್ತಿದರು. ಸ್ಟೇರಿಂಗ್ ಮುಟ್ಟಿದ ಕೈ ಚುರ್ ಎಂದಿತು.

"ಹೇಗಿದೆ ಸಾರ್ ಒಳಗೆ?" ವಾಚ್‌ಮನ್ ಕೂಗಿ ಕೇಳಿದ.

"ತಂಪಾಗಿದೆ!" ಎಂದರು ಇಬ್ಬರೂ, ಬೆರಳಿಗೆ ಗಾಳಿ ಊದಿಕೊಳ್ಳುತ್ತ.

"ಇಲ್ಲೂ ಹಾಗೇ ಸಾರ್," ಎಂದು ಅವನು ಕುರ್ಚಿಯನ್ನು ಹೊಂಗೆಯ ಬುಡಕ್ಕೆ ಎಳೆದುಕೊಂಡ.