ಸರ್ಕಾರದ ಕೊಡೆ, ಪುಟ್ಟಮಾದನ ಅವ್ವ

ಹೂಂ ಅನ್ನೋರಿದ್ರೆ ಹೇಳ್ತೀನಿ. ಆಕಳಿಸೋರಿದ್ರೆ ಈಗಲೇ ಎದ್ದೋಗಿ, ಮಧ್ಯದಲ್ಲಿ ಎದ್ರೆ ನನಗೆ ಕೆಟ್ಟ ಕೋಪ ಬರುತ್ತೆ.

ಒಬ್ಬಳು ಅವ್ವ, ಒಬ್ಬ ಮಗ. ಅವ್ವನ ಹೆಸರು ಚಿಕ್ಕತಾಯಮ್ಮ, ಮಗ ಪುಟ್ಟಮಾದ. ವಯಸ್ಸು ಇಪ್ಪತ್ತೆಂಟು, ಬುದ್ಧಿ ಎಂಟು. ಮಿಕ್ಕ ಇಪ್ಪತ್ತು ಎಲ್ಲೋಯ್ತು ಅಂತ ನನ್ನ ಕೇಳ್ಬೇಡಿ, ಅವ್ವನೇ ಹುಡುಕ್ತಾ ಇದ್ಳು. ಹೇಳಿದ್ದಷ್ಟೇ ಮಾಡೋನು, ಹೇಳಿದ ಹಾಗೇ ಮಾಡೋನು. ಅದೇ ಅವನ ರೋಗ.

ಅವನಪ್ಪ ರೇಷ್ಮೆ ಆಫೀಸಿನಲ್ಲಿ ಜವಾನ. ಕೆಲಸದಲ್ಲಿರುವಾಗಲೇ ತೀರಿಕೊಂಡ. ಸರ್ಕಾರದೋರು ಅದೇ ಕೆಲಸ ಮಗನಿಗೆ ಕೊಟ್ರು. ಆದ್ರೆ ಮೊದಲು ಸ್ವಲ್ಪ ದಿನ ನೋಡ್ತಾರೆ. ಆಫೀಸಿನ ದೊಡ್ಡ ಅಧಿಕಾರಿ ವಿಮಲಾಕ್ಷಿ ಮೇಡಂ ಹೂಂ ಅಂದ್ರೆ ಖಾಯಂ, ಊಹೂಂ ಅಂದ್ರೆ ಮನೆಗೆ.

ಚಿಕ್ಕತಾಯಮ್ಮನಿಗೆ ಇದೊಂದೇ ಚಿಂತೆ. "ನಾನಿರೋತನಕ ಸರಿ. ನಾನು ಹೋದ ಮೇಲೆ ಈ ಪೆದ್ದಪ್ಪನಿಗೆ ಯಾರು ಗತಿ? ಈ ಕೆಲಸ ಒಂದು ನಿಂತುಬಿಟ್ರೆ ನೆಮ್ಮದಿಯಾಗಿ ಕಣ್ಣು ಮುಚ್ತೀನಿ" ಅನ್ನೋಳು.

ಮೊದಲನೇ ದಿನ ಮಗನ ತಲೆ ಬಾಚಿ ಹೇಳಿದ್ಳು: "ಮಗಾ, ಆಫೀಸನ್ನ ನಮ್ಮನೆ ಅಂತ ತಿಳ್ಕೊಂಡು ಕೆಲಸ ಮಾಡಪ್ಪ."

"ಆಗ್ಲವ್ವ!"

ಮೇಡಂ ಬಂದು ನೋಡ್ತಾರೆ, ಮೀಟಿಂಗ್ ಮೇಜಿನ ಮೇಲೆ ಹುರುಳಿಕಾಳು ಒಣಗ್ತಾ ಐತೆ! ಕಿಟಕಿ ಸರಳಿಗೆ ಒದ್ದೆ ಚಡ್ಡಿ ನೇತಾಡ್ತಾ ಐತೆ! ಮೇಡಂ ಕುರ್ಚಿ ಪಕ್ಕದಲ್ಲೇ ಚಾಪೆ ಹಾಸ್ಕೊಂಡು ಪುಟ್ಟಮಾದ ಗೊರಕೆ ಹೊಡೀತಾ ಅವ್ನೆ!

"ಏನೋ ಇದು?"

ಅವನು ದಡಕ್ಕನೆ ಎದ್ದ. "ನಮ್ಮನೆ ಮೇಡಂ! ಬನ್ನಿ ಬನ್ನಿ, ಕೂತ್ಕೊಳ್ಳಿ, ನೀರು ಕುಡೀತೀರಾ?"

"ಇದು ಸರ್ಕಾರದ್ದು ಕಣೋ! ಸರ್ಕಾರದ ಒಂದು ಗುಂಡುಸೂಜಿನೂ ಸ್ವಂತಕ್ಕೆ ಬಳಸಬಾರದು! ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ!"

ಮಾರನೇ ದಿನ ಪುಟ್ಟಮಾದ ಗೇಟಿನ ಹೊರಗೆ ರಣಬಿಸಿಲಲ್ಲಿ ನಿಂತವ್ನೆ.

"ಒಳಗೆ ಬಾರೋ!"

"ಒಳಗಿನ ನೆರಳು ಸರ್ಕಾರದ್ದು ಮೇಡಂ. ಮೈ ನಂದು."

ಬಾಯಾರಿದ್ರೆ ನೀರಿಗೆ ಮನೆಗೆ ಓಡೋನು. ಒಂದಕ್ಕೆ ಬಂದ್ರೂ ಮನೆಗೆ ಓಡೋನು. ಮನೆ ಒಂದೂವರೆ ಮೈಲಿ! ಮೇಡಂ ಬೆಲ್ ಒತ್ತಿದ್ದೇ ಒತ್ತಿದ್ದು, ಬರೋ ಜವಾನ ಎಲ್ಲಿ? ಆರನೇ ಸಲ ಮನೆಗೆ ಬಂದಾಗ ಅವ್ವ ಹಣೆ ಹಣೆ ಚಚ್ಚಿಕೊಂಡ್ಳು. "ಅಯ್ಯೋ ನನ್ನಪ್ಪ, ಏನಾದ್ರೂ ಬೇಕಾದ್ರೆ ಮೇಡಂನ ಕೇಳಿ ತಗೊಳ್ಳೋ!"

"ಆಗ್ಲವ್ವ!"

ಮಾರನೇ ದಿನ ಕೇಳೋಕೆ ಶುರು ಮಾಡ್ದ. "ಮೇಡಂ, ಒಂದು ಲೋಟ ನೀರು ಕುಡೀಲಾ?" ಕುಡಿಯೋ. "ಮೇಡಂ, ಕಂಬಕ್ಕೆ ಒರಗ್ಲಾ?" ಒರಗೋ. "ಮೇಡಂ, ಫ್ಯಾನಿನ ಗಾಳಿ ನನ್ನ ಮೇಲೂ ಬತ್ತಾ ಐತೆ, ತಗೊಳ್ಲಾ?" ತಗೊಳ್ಳೋ! ಮೇಡಂ ಮೇಲಿನ ಸಾಹೇಬರ ಜೊತೆ ಫೋನಿನಲ್ಲಿ ಮಾತಾಡ್ತಾ ಇದ್ರೆ ಮೂಗು ಹಿಡ್ಕೊಂಡು ಬಂದು ನಿಂತ. "ಮೇಡಂ, ಸೀನು ಬತ್ತಾ ಐತೆ. ಇಲ್ಲೇ ಸೀನ್ಲಾ, ಹೊರಗೋಗ್ಲಾ?"

ಮೇಡಂ ಫೋನಿಗೆ ಕೈ ಅಡ್ಡ ಹಿಡಿದು "ಸೀನೋ!" ಅಂದ್ರು. ಅಷ್ಟರಲ್ಲಿ ಸೀನು ಹೊರಟೋಗಿತ್ತು.

ನಗಬೇಡಿ, ಇನ್ನೂ ಐತೆ. ಸಾಯಂಕಾಲ ಮಳೆ ಹಿಡೀತು. ಬೀರು ಹಿಂದೆ ಆಫೀಸಿನ ಹಳೇ ಕೊಡೆ ಒಂದು ಬಿದ್ದಿತ್ತು. "ಮೇಡಂ, ಆ ಕೊಡೆ ತಗೊಂಡೋಗ್ಲಾ?"

"ತಗೊಂಡೋಗೋ ಮಾರಾಯ! ನಾಳೆ ಇದ್ದ ಹಾಗೇ ತಂದಿಡು, ಸಾಕು!"

ಮನೇಲಿ ಅವ್ವ ಕೊಡೆ ಬಿಚ್ಚಿ ನೋಡಿದ್ರೆ ಒಳಗೆಲ್ಲಾ ಧೂಳು, ಬಲೆ, ಬಲೆ ನಡುವೆ ಒಂದು ಜೇಡ. ಪಾಪ, ಸರ್ಕಾರದ ಕೊಡೆ ಅಂತ ಚೆನ್ನಾಗಿ ಒದರಿ, ತೊಳೆದು, ಒಣಗಿಸಿ ಇಟ್ಳು. ಬೆಳಗ್ಗೆ ಮಗ ಬಾಯಿ ಬಾಯಿ ಬಡ್ಕೊಂಡ.

"ಅವ್ವಾ! ಜೇಡ ಎಲ್ಲಿ? ಇದ್ದ ಹಾಗೇ ಕೊಡ್ಬೇಕು!"

"ಜೇಡನ್ನ ಯಾರೋ ಕೇಳ್ತಾರೆ?"

"ಸರ್ಕಾರದ್ದು ಕಣವ್ವ!"

ಅವ್ವ ಏನ್ ಮಾಡ್ತಾಳೆ? ಕೆಲಸ ಹೋದೀತು ಅನ್ನೋ ಭಯಕ್ಕೆ ಅವಳೂ ಹುಡುಕಿದ್ಳು. ಒರಳು ಸರಿಸಿದ್ರು, ಸೌದೆ ಕೆದಕಿದ್ರು, ಅಟ್ಟ ಹತ್ತಿದ್ರು. ಮಧ್ಯಾಹ್ನ ಒಂದು ಗಂಟೆಗೆ ಪುಟ್ಟಮಾದ ಆಫೀಸಿಗೆ ಬಂದ. ಕಂಕುಳಲ್ಲಿ ಕೊಡೆ, ಒಂದು ಕೈಲಿ ಹಿಡಿ ಧೂಳು, ಇನ್ನೊಂದು ಕೈಲಿ ಬೆಂಕಿಪೊಟ್ಟಣ.

"ಮೇಡಂ, ಇದು ಅದೇ ಜೇಡ ಅಲ್ಲ. ಅದಕ್ಕಿಂತ ಒಂಚೂರು ದೊಡ್ಡದು. ತಪ್ಪಾಯ್ತು."

ಮೇಡಂಗೆ ನಗು ಬಂತು. ಆದ್ರೆ ಬೆಳಗ್ಗೆ ಹೋಗಬೇಕಿದ್ದ ಟಪಾಲು ಮೇಜಿನ ಮೇಲೇ ಇತ್ತು, ಅದನ್ನ ನೋಡಿ ಕೋಪನೂ ಬಂತು. ಕೋಪವೇ ಗೆದ್ದಿತು.

"ಕೇಳಿಲ್ಲಿ! ಹತ್ತು ಗಂಟೆಯಿಂದ ಐದೂವರೆವರೆಗೆ ನಿನಗೆ ಮನೆ ಇಲ್ಲ, ಅವ್ವ ಇಲ್ಲ! ಇಲ್ಲಿಗೆ ಬರೋರೆಲ್ಲ ಸಾರ್ವಜನಿಕರು, ಅವರ ಕೆಲಸ ನೋಡು! ಇನ್ನೊಂದು ತಪ್ಪು ಮಾಡಿದ್ಯೋ, ಖಾಯಂ ಕೆಲಸ ಮರೆತುಬಿಡು!"

ರಾತ್ರಿ ಮಗನ ಬಾಯಲ್ಲಿ ಇದನ್ನ ಕೇಳಿ ಚಿಕ್ಕತಾಯಮ್ಮ ಮುದ್ದೆ ತಟ್ಟೆ ಪಕ್ಕಕ್ಕಿಟ್ಳು. "ಮೇಡಂ ಹೇಳಿದ ಹಾಗೇ ನಡ್ಕೋ ಕಂದಾ, ಒಂದಕ್ಷರ ಬಿಡಬೇಡ" ಅಂದ್ಳು. ತಾನೇ ಹೇಳಿದ್ಳು, ನೆನಪಿಟ್ಕೊಳ್ಳಿ.

ಮಾರನೇ ದಿನ ಅವನು ಬುತ್ತಿ ಮರೆತು ಹೋದ. ಮಗ ಹಸ್ಕೊಂಡಿರ್ತಾನೆ ಅಂತ ಅವ್ವ ಬಿಸಿಲಲ್ಲೇ ನಡ್ಕೊಂಡು ಬಂದ್ಳು. ಪುಟ್ಟಮಾದ ಕೈ ಮುಗಿದ.

"ಬನ್ನಿ ಅಮ್ಮ. ಯಾವೂರು? ಏನಾಗಬೇಕಿತ್ತು?"

"ಲೋ, ನಾನು ಕಣೋ!"

"ಅರ್ಜಿ ತಂದಿಲ್ವಾ? ಪರವಾಗಿಲ್ಲ, ಸರದಿಯಲ್ಲಿ ಕೂತ್ಕೊಳ್ಳಿ. ನೀರು ಕೊಡ್ತೀನಿ."

ಅವ್ವ ಬಾಯಿ ತೆರೆದೋಳು ಮುಚ್ಚಿದ್ಳು. ಖಾಯಂ ಆಗಬೇಕಲ್ಲ! ರೇಷ್ಮೆ ಹುಳುವಿನ ಮೊಟ್ಟೆಗೆ ಬಂದ ರೈತರ ಜೊತೆ ಬೆಂಚಿನ ಮೇಲೆ ಕೂತ್ಳು. ತೊಡೆ ಮೇಲೆ ಬುತ್ತಿ, ಅವಳೂ ಉಂಡಿಲ್ಲ. ಸರದಿ ಬರೋಹೊತ್ತಿಗೆ ನಾಲ್ಕು ಗಂಟೆ. ಎದ್ದ ತಕ್ಷಣ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲಿಂದ ಬಿದ್ದೇಬಿಟ್ಳು. ಹಣೆ ಒಡೆದು ರಕ್ತ ಬಂತು, ಕಾಲು ಉಳುಕಿತು.

ಪುಟ್ಟಮಾದ ಒಳಗೆ ಓಡಿದ. "ಮೇಡಂ! ಸಾರ್ವಜನಿಕರೊಬ್ರು ಬಿದ್ದವ್ರೆ! ಜೀಪು ಕೊಡಿ ಮೇಡಂ!"

ಮೇಡಂ ಓಡಿ ಬಂದ್ರು, ಅವ್ವನನ್ನ ಜೀಪಿಗೆ ಹತ್ತಿಸಿದ್ರು, ತಾವೂ ಪಕ್ಕದಲ್ಲಿ ಕೂತ್ರು. "ಹತ್ತೋ ಪುಟ್ಟಮಾದ!"

"ಊಹೂಂ ಮೇಡಂ. ನನಗೆ ಅಳು ಬತ್ತಾ ಐತೆ. ಅಳು ಸ್ವಂತದ್ದು, ಸರ್ಕಾರದ ಜೀಪಿನಲ್ಲಿ ತರಂಗಿಲ್ಲ."

ಜೀಪು ಮುಂದೆ, ಅವನು ಹಿಂದೆ. ಆಸ್ಪತ್ರೆತನಕ ಓಡಿದ, ಬರಿಗಾಲಲ್ಲಿ, ಆ ಧೂಳಲ್ಲಿ.

"ಯಾರಮ್ಮ ನೀವು?" ಅಂದ್ರು ಜೀಪಿನೊಳಗೆ ಮೇಡಂ.

"ಹಿಂದೆ ಓಡಿ ಬತ್ತಾ ಅವ್ನಲ್ಲ, ಅವನ ಹೆತ್ತವ್ವ ಕಣ್ ತಾಯಿ. ಅವನನ್ನ ಮನೆಗೆ ಕಳಿಸಬ್ಯಾಡಿ. ನಿಮ್ಮ ಮಾತು ಮೀರಲಿಲ್ಲ ಅವನು."

ಮೇಡಂ ತಮ್ಮ ಕರವಸ್ತ್ರ ತೆಗೆದು ಅವಳ ಹಣೆಗೆ ಒತ್ತಿ ಹಿಡಿದ್ರು. ಆಸ್ಪತ್ರೆ ಬರೋತನಕ ಕೈ ತೆಗೀಲಿಲ್ಲ.

ಆಸ್ಪತ್ರೇಲಿ ಕಟ್ಟು ಕಟ್ಟಿದ್ರು. ಡಾಕ್ಟರು ಚೀಟಿ ಬರೀತಾ ಪುಟ್ಟಮಾದನನ್ನ ಕೇಳಿದ್ರು, "ಇವರು ನಿನಗೇನಾಗ್ಬೇಕು?"

ಅವನು ಗೋಡೆ ಗಡಿಯಾರ ನೋಡ್ದ. ಐದು ಹದಿನೈದು. "ಏನೂ ಆಗ್ಬೇಕಿಲ್ಲ ಸಾರ್. ಸಾರ್ವಜನಿಕರು."

ಚಿಕ್ಕತಾಯಮ್ಮನಿಗೆ ಹೊಟ್ಟೆಗೆ ಚೂರಿ ಹಾಕಿದಂಗಾಯ್ತು. ಹೊತ್ತು ಹೆತ್ತು ಸಾಕಿದ್ದಕ್ಕೆ ಇದಾ? ಮುಖ ತಿರುಗಿಸ್ಬೇಕು ಅನ್ನೋಷ್ಟರಲ್ಲಿ ಅವನ ಕೈ ಕಂಡ್ಳು. ಮಂಚದ ಕಂಬಿನ ಬಿಡದೆ ಬಿಗಿಯಾಗಿ ಹಿಡ್ಕೊಂಡಿತ್ತು.

"ಚಿಕ್ಕತಾಯಮ್ಮ" ಅಂದ್ರು ಮೇಡಂ, "ಖಾಯಂ ಕಾಗದಕ್ಕೆ ನಾಳೆನೇ ಸಹಿ ಹಾಕ್ತೀನಿ. ಸರ್ಕಾರದ ಜೇಡನ್ನೂ ವಾಪಸ್ ತಂದವನು ನನ್ನ ಸರ್ವೀಸಿನಲ್ಲೇ ಇವನೊಬ್ಬ." ಆಮೇಲೆ ಅವನ ಬೆನ್ನು ತಟ್ಟಿದ್ರು. "ತಪ್ಪು ನಂದೇ ಕಣಪ್ಪ. ಹೋಗು, ಅವ್ವನ ಹತ್ರ ಹೋಗು."

"ಇನ್ನೂ ಹನ್ನೆರಡು ನಿಮಿಷ ಐತೆ ಮೇಡಂ."

ಹನ್ನೆರಡು ನಿಮಿಷ ನೆಟ್ಟಗೆ ನಿಂತ. ಮೇಡಂ ನಿಂತ್ರು, ಡಾಕ್ಟರೂ ನಿಂತ್ರು. ಮುಳ್ಳು ಐದೂವರೆಗೆ ಬಂತು. ಪುಟ್ಟಮಾದ ಅವ್ವನ ಮಡಿಲಿಗೆ ಬಿದ್ದು ಗೊಳೋ ಅಂತ ಅತ್ತ.

"ಅವ್ವಾ! ಬೆಳಗ್ಗೆಯಿಂದ ಎಲ್ಲೋಗಿದ್ದೆ ಅವ್ವಾ?"

"ಇಲ್ಲೇ ಇದ್ನಲ್ಲ ಕಂದಾ. ಇನ್ನು ನಾಳೆ ಹತ್ತು ಗಂಟೆತನಕ ಎಲ್ಲೂ ಹೋಗಲ್ಲ. ಅಳು, ಅಳು."

ನರ್ಸಮ್ಮ ಕಣ್ಣೊರೆಸ್ಕೊಳ್ಳೋಕೆ ಆಸ್ಪತ್ರೆ ಟವಲು ಕೊಟ್ಳು. ಪುಟ್ಟಮಾದ ಕೈ ಹಿಂದಕ್ಕೆ ಎಳ್ಕೊಂಡ. "ಬ್ಯಾಡಮ್ಮ, ಸರ್ಕಾರದ್ದು!" ಅಂದು ಅವ್ವನ ಸೆರಗು ಹಿಡಿದು ಸೊರ್ ಅಂತ ಮೂಗು ಸೀಟಿದ.

"ಇದು ಸ್ವಂತದ್ದು" ಅಂದ.

ಏನ್ರವ್ವ, ನೀವೂ ಸೆರಗು ಹುಡುಕ್ತಾ ಇದ್ದೀರಾ? ಏಳಿ ಏಳಿ, ನಿಮ್ಮ ನಿಮ್ಮ ಸೆರಗಲ್ಲೇ ಒರೆಸ್ಕೊಂಡು ಮನೆಗೆ ಹೋಗಿ.